ನದಿಯ ಮೇಲಿನ ಆಟ, ನದಿಯವರ ಪಾಲು

ಮೀನುಗಾರರ ನೆರವಿಗೆಂದು ಹಾಯಿದೋಣಿಗಳ ಪಂದ್ಯ ಏರ್ಪಡಿಸುವ ಪರಿಪಾಠವು ಜಗತ್ತಿನ ಅನೇಕ ಕಡಲೂರುಗಳಲ್ಲಿದೆ. ಸ್ವಯಂಸೇವಕರು ಮುಂದೆ ಬರುತ್ತಾರೆ, ಪ್ರಾಯೋಜಕರು ಹಣ ಕೊಡುತ್ತಾರೆ, ಪ್ರೇಕ್ಷಕರು ದಂಡೆಯಲ್ಲಿ ನೆರೆಯುತ್ತಾರೆ. ಕೂಡಿಬಂದ ಮೊತ್ತವು ಬಲೆಗೋ, ದೋಣಿಗೋ, ನೀರುಪಾಲಾದವರ ಕುಟುಂಬಕ್ಕೋ ಸಲ್ಲುತ್ತದೆ. ನಮ್ಮ ರಾಜ್ಯದಲ್ಲಿಯೂ ಜಲಕ್ರೀಡೆಯ ಉತ್ಸಾಹಕ್ಕೆ ಕೊರತೆಯಿಲ್ಲ. ಹಂಪಿ ಉತ್ಸವದ ಅಂಗವಾಗಿ ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆಗಳು ನಡೆದಿವೆ. ಗಗನಚುಕ್ಕಿಯಲ್ಲಿ ಜಲಪಾತೋತ್ಸವಗಳು ನಡೆದಿವೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಬೆಂಗಳೂರಿನ ಹಲಸೂರು ಕೆರೆಯಲ್ಲಿಯೂ ಹಾಯಿದೋಣಿಗಳ ಪಂದ್ಯಗಳು ಜರುಗುತ್ತವೆ. ಪ್ರಶ್ನೆಯೆಂದರೆ, ಇಂತಹ ಆಟದಿಂದ ಆ ನೀರನ್ನೇ ನಂಬಿ ಬದುಕುವವನಿಗೆ ದೊರೆಯುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಕಡಲತೀರಕ್ಕೇ ಹೋಗಬೇಕೆಂದಿಲ್ಲ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ನದಿ ಮತ್ತು ಕೆರೆಗಳೇ ಅದಕ್ಕೆ ಸಾಕ್ಷಿ ಹೇಳಬಲ್ಲವು. ನೀರಿನ ಮೇಲಿನ ಕ್ರೀಡೆಯೊಂದು ನದಿದಂಡೆಯ ಜನರಿಗೆ ದುಡಿಮೆ ಕೊಟ್ಟು, ಕೆಲವು ದಶಕಗಳ ಬಳಿಕ ಒಮ್ಮೆಲೇ ಕೈಬಿಟ್ಟು ಹೋದ ಕಥೆ ಇಲ್ಲಿನ ಕಾವೇರಿಯ ದಡದಲ್ಲಿಯೇ ನಡೆದಿದೆ.

ಹಾಯಿ ಇಲ್ಲದ ನಾಡು

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಹಾಯಿದೋಣಿಯನ್ನು ಹುಡುಕಿದರೆ ಸಿಗದು. ಇಲ್ಲಿನ ನದಿ ಸುವರ್ಣಾವತಿ. ಚಾಮರಾಜನಗರದ ಬಳಿಯ ಅಣೆಕಟ್ಟನ್ನು ದಾಟಿ ಯಳಂದೂರು ಸೀಮೆಯಲ್ಲಿ ಹರಿದು, ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುವ ಕಿರಿಯ ನದಿಯಿದು. ವರ್ಷದ ಹೆಚ್ಚು ಕಾಲ ಇದರಲ್ಲಿ ನೀರು ತೆಳುವಾಗಿರುತ್ತದೆ. ಅದೇ ನದಿ 2022ರ ಮಳೆಗಾಲದಲ್ಲಿ ಉಕ್ಕಿ ಹರಿದು, ಅಗರ, ಮಾಂಬಳ್ಳಿ ಸುತ್ತಲಿನ ಹೊಲಗದ್ದೆಗಳನ್ನೂ ರಸ್ತೆಗಳನ್ನೂ ಮುಳುಗಿಸಿತು. ಒಂದೋ ನೀರಿಲ್ಲ, ಇಲ್ಲವೇ ನಿಲ್ಲಿಸಲಾಗದಷ್ಟು ನೀರು. ಇದು ಇಲ್ಲಿನ ಮೀನುಗಾರನ ಪಂಚಾಂಗ.

ಹೀಗಾಗಿ ಯಳಂದೂರು ಭಾಗದಲ್ಲಿ ಮೀನುಗಾರಿಕೆ ಎಂದರೆ ಮುಖ್ಯವಾಗಿ ಕೆರೆಗಳ ಮೀನುಗಾರಿಕೆ. ಕೆಸ್ತೂರು, ಯರಿಯೂರು, ಅಂಬಳೆಯ ಕೆರೆಗಳು, ಬೆಟ್ಟದ ಬುಡದ ಕೃಷ್ಣಯ್ಯನಕಟ್ಟೆ, ಕೊಳ್ಳೇಗಾಲದ ರಂಗನಾಥನ ಕೆರೆಗಳು, ಗುಂಡಾಲ್ ಜಲಾಶಯ, ಹನೂರು ಕಡೆಯ ಉಡುತೊರೆಹಳ್ಳ, ಇವೇ ಇಲ್ಲಿನ ಜಲನಿಧಿಗಳು. ಮರಿ ಬಿತ್ತಿ ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ, ತಾವಾಗಿಯೇ ಹಬ್ಬುವ ಜಿಲೇಬಿ, ಕೆಸರಿನ ಕೊರವ, ಇವೇ ಬಲೆಗೆ ಬೀಳುವ ಮೀನುಗಳು.

ಕಾವೇರಿಯ ಪಾತ್ರಕ್ಕೆ ಬಂದರೆ ದೋಣಿ ಎಂದರೆ ಹರಿಗೋಲು. ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿ ಅದು. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಬಳಿಕ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು, ಈಗ ಫೈಬರ್ ಹರಿಗೋಲುಗಳೂ ಬಂದಿವೆ. ಅದಕ್ಕೆ ಮುಂಭಾಗ, ಹಿಂಭಾಗ ಎಂಬುದಿಲ್ಲ, ಅಡಿಯಲ್ಲಿ ನೀರನ್ನು ಸೀಳುವ ಏಣಿಲ್ಲ. ಹಾಯಿ ಕಟ್ಟಿದರೆ ಗಾಳಿಗೆ ಸಿಕ್ಕಿ ಸುತ್ತುವುದೇ ಹೊರತು ಮುಂದೆ ಸಾಗದು. ಆದರೆ ಬಂಡೆಗಳ ನಡುವೆ, ಒಂದು ಅಡಿ ನೀರಿನಲ್ಲಿಯೂ ತೇಲುವ ಗುಣ ಅದಕ್ಕಿದೆ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವ ಬೆಸ್ತನಿಗೆ ಅದೇ ವಾಹನ, ಅದೇ ಬಂಡವಾಳ.

ನಲವತ್ತು ವರ್ಷಗಳ ಪ್ರಯೋಗ

ಶಿವನಸಮುದ್ರದ ಕೆಳಗೆ ಕಾವೇರಿಯು ಕಾಡಿನ ಕಣಿವೆಯನ್ನು ಹೊಗುತ್ತದೆ. ಎಡದಂಡೆಯಲ್ಲಿ ಮಳವಳ್ಳಿ ಮತ್ತು ಕನಕಪುರ ತಾಲ್ಲೂಕುಗಳು, ಬಲದಂಡೆಯಲ್ಲಿ ಹಿಂದೆ ಕೊಳ್ಳೇಗಾಲಕ್ಕೆ ಸೇರಿದ್ದ, ಈಗ ಹನೂರು ತಾಲ್ಲೂಕಿನ ಕಾಡುಗಳು. ಇಲ್ಲಿನ ಮಡುಗಳಲ್ಲಿ ಮಹಶೀರ್ ವಾಸಿಸುತ್ತದೆ. ನಮ್ಮವರು ಅದನ್ನು ಬಿಳಿಮೀನು ಎನ್ನುತ್ತಾರೆ. ಕಾವೇರಿಯ ಉಪನದಿ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಬೇಟೆಗಾರರೊಬ್ಬರು ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತೆಂಬುದು ದಾಖಲೆ.

ಸ್ವಾತಂತ್ರ್ಯಾನಂತರ ಈ ಮೀನಿಗೆ ಎರಡು ಶತ್ರುಗಳು ಹುಟ್ಟಿಕೊಂಡವು: ಸಿಡಿಮದ್ದು ಮತ್ತು ವಿಷ. ನೀರಿನಲ್ಲಿ ಸಿಡಿಮದ್ದು ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಆದರೆ ಕಾಡಿನ ಕಣಿವೆಯಲ್ಲಿ ಕಾಯ್ದೆಯನ್ನು ಕಾಯುವವರು ಯಾರು? ಒಂದು ಸಿಡಿತಕ್ಕೆ ಮಡುವಿನ ದೊಡ್ಡ ಮೀನು, ಮರಿ, ಹುಳು ಎಲ್ಲವೂ ಸಾಯುತ್ತವೆ. ಕೈಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಬಲೆ ಬೀಸುವ ಮೀನುಗಾರನಿಗೂ ಇದರಿಂದ ನಷ್ಟವೇ.

1972ರಲ್ಲಿ ಬೆಂಗಳೂರಿನ ಹವ್ಯಾಸಿ ಗಾಳಗಾರರು ದಕ್ಷಿಣ ಭಾರತ ವನ್ಯಜೀವಿ ಸಂಘವನ್ನು ಕಟ್ಟಿದರು. ಸದಸ್ಯರು ಸ್ವಯಂಸೇವಕರು, ತಮ್ಮ ತಮ್ಮ ಉದ್ಯೋಗಗಳಲ್ಲಿದ್ದವರು. ಸರ್ಕಾರದಿಂದ ಕಾವೇರಿಯ ಒಂದು ಹರಿವನ್ನು ಗುತ್ತಿಗೆಗೆ ಪಡೆದು, ಸ್ಥಳೀಯರನ್ನೇ ಕಾವಲಿಗೆ ನೇಮಿಸಿದರು. 1978ರಲ್ಲಿ ಬ್ರಿಟನ್ನಿನ ಮೂವರು ಗಾಳಗಾರರು ಕಾವೇರಿಗೆ ಬಂದು ಭಾರೀ ಗಾತ್ರದ ಮಹಶೀರ್‌ಗಳನ್ನು ಹಿಡಿದ ಸುದ್ದಿ ಹರಡಿದ ಮೇಲೆ ವಿದೇಶಿಯರ ಬರವು ಹೆಚ್ಚಿತು. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. ನಿಯಮ ಸರಳ: ಹಿಡಿದ ಮೀನನ್ನು ತೂಗಿ, ದಾಖಲೆ ಬರೆದು, ಜೀವಂತ ನದಿಗೆ ಬಿಡಬೇಕು.

ಈ ಆಟಕ್ಕೆ ದಂಡೆಯ ಜನ ಅನಿವಾರ್ಯವಾದರು. ಮಡು ಎಲ್ಲಿದೆ, ಸುಳಿ ಎಲ್ಲಿದೆ, ಮೀನು ಯಾವ ಹೊತ್ತಿಗೆ ಮೇವಿಗೆ ಏಳುತ್ತದೆ ಎಂಬುದು ಅವರಿಗಷ್ಟೇ ಗೊತ್ತು. ಹರಿಗೋಲು ನಡೆಸುವವರು, ರಾಗಿ ಹಿಟ್ಟಿನ ಮುದ್ದೆಯನ್ನು ಎರೆಯಾಗಿ ಕಟ್ಟುವವರು, ಅಡುಗೆಯವರು, ಕಾವಲಿನವರು, ಹೀಗೆ ಹಲವರಿಗೆ ಕೆಲಸ ದೊರೆಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅದೇ ನದಿಯ ಕಾವಲುಗಾರರಾದರು. ಸತ್ತ ಮೀನಿಗೆ ಸಂತೆಯಲ್ಲಿ ಒಂದೇ ಸಲ ಬೆಲೆ. ಬದುಕಿದ ಮೀನಿಗೆ ಮತ್ತೆ ಮತ್ತೆ ಬೆಲೆ ಎಂಬ ಲೆಕ್ಕ ದಂಡೆಯವರಿಗೂ ತಿಳಿಯಿತು.

ಶಿಬಿರದ ದಿನಚರಿ ಪುಸ್ತಕಗಳು ವಿಜ್ಞಾನಕ್ಕೂ ಉಪಕರಿಸಿದವು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳನ್ನು ಹಿಡಿದು ಬಿಡಲಾಗಿತ್ತು. ಸರ್ಕಾರದ ಯಾವುದೇ ಗಣತಿಯಿಂದಲ್ಲ, ಆಟಗಾರರ ಲೆಕ್ಕದಿಂದ ಕಾವೇರಿಯ ಈ ಭಾಗದ ಮೀನಿನ ಸ್ಥಿತಿ ತಿಳಿಯಿತೆಂಬುದು ಗಮನಾರ್ಹ.

ಒಂದು ಆದೇಶಕ್ಕೆ ಮುಗಿದ ಉದ್ಯೋಗ

ಈ ವ್ಯವಸ್ಥೆಯ ಅಡಿಪಾಯದಲ್ಲಿಯೇ ಒಂದು ಬಿರುಕಿತ್ತು. ಸಂಘ ಹುಟ್ಟಿದ 1972ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂದಿತ್ತು. 1987ರಲ್ಲಿ ಈ ಪ್ರದೇಶವು ಕಾವೇರಿ ವನ್ಯಜೀವಿ ಧಾಮವಾಯಿತು. ಧಾಮದೊಳಗೆ ಬೇಟೆ ನಿಷಿದ್ಧ. ಹಿಡಿದು ಬಿಡುವ ಗಾಳಗಾರಿಕೆ ಬೇಟೆಯೇ ಅಲ್ಲವೇ ಎಂಬ ಚರ್ಚೆ ವರ್ಷಗಳ ಕಾಲ ನಡೆದು, ಕೊನೆಗೆ ಬೇಟೆಯೆಂಬ ವಾದವೇ ಮೇಲಾಯಿತು. 2012ರ ಹೊತ್ತಿಗೆ ಧಾಮದೊಳಗಿನ ಗಾಳದ ಶಿಬಿರಗಳು ನಿಂತವು.

ಈ ನಿರ್ಧಾರವು ಕಾನೂನಿನ ದೃಷ್ಟಿಯಿಂದ ಸರಿಯೋ ತಪ್ಪೋ ಎಂಬುದು ಇಲ್ಲಿ ಮುಖ್ಯವಲ್ಲ. ಧಾಮವೆಂದ ಮೇಲೆ ಶ್ರೀಮಂತ ಪ್ರವಾಸಿಗೆ ಗಾಳ ಹಾಕಲು ಅನುಮತಿ, ದಂಡೆಯ ಬಡವನಿಗೆ ಬಲೆ ಹಾಕಿದರೆ ಮೊಕದ್ದಮೆ ಎಂಬ ಇಬ್ಬಗೆಯ ನೀತಿಯನ್ನು ಸಮರ್ಥಿಸುವುದು ಸುಲಭವಲ್ಲ. ಆದರೆ ಪರಿಣಾಮವನ್ನು ಗಮನಿಸಬೇಕು. ಶಿಬಿರ ಮುಚ್ಚಿದಾಗ ಗಾಳಗಾರ ಬೇರೆ ನದಿಗೆ ಹೋದ. ಸಂಸ್ಥೆಯು ಚಾರಣ, ಪಕ್ಷಿವೀಕ್ಷಣೆಗಳತ್ತ ಹೊರಳಿತು. ಕೆಲಸ ಕಳೆದುಕೊಂಡವರು ದಂಡೆಯವರು. ಕಾವಲು ಸಡಿಲಗೊಂಡು ಸಿಡಿಮದ್ದಿನ ಹಾವಳಿ ಮತ್ತೆ ಹೆಚ್ಚಿತೆಂದು 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇಬ್ಬರು ಸಂಶೋಧಕರು ಎಚ್ಚರಿಸಿದರು.

ನಲವತ್ತು ವರ್ಷಗಳ ದುಡಿಮೆಯಲ್ಲಿ ದಂಡೆಯವರ ಹೆಸರಿನಲ್ಲಿ ಉಳಿದದ್ದೇನು? ಗುತ್ತಿಗೆ ಸಂಘದ್ದು, ಶಿಬಿರ ನಿಗಮದ್ದು, ಕಾಡು ಇಲಾಖೆಯದು. ಹರಿಗೋಲು ನಡೆಸಿದವನದು ದಿನಗೂಲಿ. ನೆರವು ಹಕ್ಕಾಗಿ ಮಾರ್ಪಡದೆ ಕೃಪೆಯಾಗಿಯೇ ಉಳಿದಾಗ, ಅದು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೂ ಹೋಗುತ್ತದೆ ಎಂಬುದೇ ಕಾವೇರಿಯ ಈ ಪ್ರಯೋಗದ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಕಹಿಯಾದುದು. ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ 1970ರ ದಶಕದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ, ಕಾವೇರಿಗೆ ಸೇರದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಈ ನದಿಗೆ ಬಿಡಲಾಯಿತು. ಅವು ಹಬ್ಬಿದವು. ಕಾವೇರಿಯದೇ ಆದ ಗೂನುಬೆನ್ನಿನ ಬಿಳಿಮೀನು ಕ್ಷೀಣಿಸಿತು. ಜಗತ್ಪ್ರಸಿದ್ಧವಾಗಿದ್ದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಗುರುತು ದೊರೆತದ್ದು 2018ರಲ್ಲಿ, ಟಾರ್ ರೆಮದೇವಿ ಎಂಬ ಹೆಸರಿನಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಭೀರ ವರ್ಗಕ್ಕೂ ಸೇರಿತು. ಹೆಸರು ಮತ್ತು ಆಪತ್ತು ಒಟ್ಟಿಗೆ ಬಂದ ಮೀನು ಅದು. ತಿಳಿವಳಿಕೆಯಿಲ್ಲದ ಉಪಕಾರವು ಅಪಕಾರಕ್ಕೆ ಸಮ.

ಹೊರನಾಡಿನ ನಿದರ್ಶನಗಳು

ಆಟದಿಂದ ಮೀನುಗಾರನಿಗೆ ಒಳಿತಾಗುವುದೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಬೇರೆಡೆಯ ಅನುಭವವನ್ನೂ ನೋಡಬೇಕು.

1920ರಲ್ಲಿ ಕೆನಡಾದ ‘ಹ್ಯಾಲಿಫ್ಯಾಕ್ಸ್ ಹೆರಾಲ್ಡ್’ ಎಂಬ ದಿನಪತ್ರಿಕೆಯು ಮೀನುಗಾರರ ಹಾಯಿಹಡಗುಗಳಿಗೇ ಮೀಸಲಾದ ಪಂದ್ಯವನ್ನು ಆರಂಭಿಸಿತು. ಶ್ರೀಮಂತರ ವಿಹಾರ ನೌಕೆಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಿಜವಾಗಿ ಕಡಲಿನಲ್ಲಿ ಮೀನು ಹಿಡಿದ ಹಡಗೇ ಸ್ಪರ್ಧಿಸಬೇಕು. ಸ್ಪರ್ಧಿಯೂ ಮೀನುಗಾರ, ದೋಣಿಯೂ ಅವನ ದುಡಿಮೆಯದು ಎಂಬ ಈ ನಿಯಮ ಇಂದಿಗೂ ಅನುಕರಣೀಯ. 1921ರಲ್ಲಿ ನೀರಿಗಿಳಿದ ‘ಬ್ಲೂನೋಸ್’ ಅದೇ ವರ್ಷ ಗೆದ್ದು ದೇಶದ ಹೆಮ್ಮೆಯಾಯಿತು. 1937ರಿಂದ ಕೆನಡಾದ ಹತ್ತು ಸೆಂಟ್ ನಾಣ್ಯದ ಮೇಲೆ ಹಾಯಿಹಡಗಿನ ಚಿತ್ರ ಅಚ್ಚಾಯಿತು. ಆದರೆ 1942ರಲ್ಲಿ ಆ ಹಡಗು ಸರಕು ಸಾಗಣೆಗೆ ಮಾರಾಟವಾಗಿ, 1946ರಲ್ಲಿ ಹೈಟಿಯ ಬಳಿ ಬಂಡೆಗೆ ಬಡಿದು ನಾಶವಾಯಿತು. ಕೀರ್ತಿ ನಾಣ್ಯದ ಮೇಲೆ ಉಳಿಯಿತು, ಕಸುಬು ಉಳಿಯಲಿಲ್ಲ.

ಇಂಗ್ಲೆಂಡಿನ ನಿದರ್ಶನ ಬೇರೆ ಬಗೆಯದು. 1886ರ ಡಿಸೆಂಬರಿನಲ್ಲಿ ‘ಮೆಕ್ಸಿಕೊ’ ಎಂಬ ಹಡಗಿನವರನ್ನು ರಕ್ಷಿಸಲು ಹೋದ ಸ್ವಯಂಸೇವಕ ರಕ್ಷಣಾ ದೋಣಿಗಳ 27 ಮಂದಿ ಮಡಿದರು. ಅವರಲ್ಲಿ ಬಹುಪಾಲು ಮೀನುಗಾರರು. ಇದರಿಂದ ಎಚ್ಚೆತ್ತ ನಾಗರಿಕರು 1891ರಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಗಳಲ್ಲಿ ರಕ್ಷಣಾ ದೋಣಿಗಳ ಮೆರವಣಿಗೆ ನಡೆಸಿ 5,000 ಪೌಂಡ್‌ಗೂ ಹೆಚ್ಚು ಸಂಗ್ರಹಿಸಿದರು. ಆ ಉತ್ಸವ ಒಂದೇ ದಿನಕ್ಕೆ ಮುಗಿಯಲಿಲ್ಲ. ಇತರ ನಗರಗಳಿಗೂ ಹಬ್ಬಿ, 1824ರಿಂದ ಇದ್ದ ಸಂಸ್ಥೆಯೊಂದಕ್ಕೆ ಸ್ಥಿರ ಆದಾಯದ ದಾರಿಯಾಯಿತು.

ನೆರೆಯ ತಮಿಳುನಾಡಿನ ಅನುಭವವನ್ನೂ ಮರೆಯುವಂತಿಲ್ಲ. 2004ರ ಸುನಾಮಿಯ ಬಳಿಕ ಅಲ್ಲಿನ ಕರಾವಳಿಗೆ ದಾನದ ದೋಣಿಗಳು ಹರಿದುಬಂದವು. ಕೆಲವು ಕಡೆ ಮೊದಲಿದ್ದುದಕ್ಕಿಂತ ಹೆಚ್ಚು ದೋಣಿಗಳಾದವು, ಅವುಗಳಲ್ಲಿ ಕಳಪೆಯವೂ ಇದ್ದವು. ಮೀನು ಅಷ್ಟೇ, ದೋಣಿ ಹೆಚ್ಚು ಎಂದಾದರೆ ಪ್ರತಿಯೊಬ್ಬನ ಪಾಲೂ ಕುಗ್ಗುತ್ತದೆ. ಏನು ಬೇಕೆಂದು ಮೀನುಗಾರರನ್ನೇ ಕೇಳದೆ ಕೊಟ್ಟ ದಾನದ ಗತಿ ಇದು.

ಕೆರೆ ಯಾರದು?

ಈಗ ಮಾಂಬಳ್ಳಿಯ ಸುತ್ತಲಿನ ಕೆರೆಗಳಿಗೆ ಮರಳೋಣ. ಕರ್ನಾಟಕದಲ್ಲಿ 40 ಹೆಕ್ಟೇರ್‌ಗಿಂತ ದೊಡ್ಡ ಕೆರೆಗಳ ಮೀನು ಪಾಶುವಾರು ಹಕ್ಕು ಮೀನುಗಾರಿಕೆ ಇಲಾಖೆಯ ಅಧೀನದಲ್ಲಿದ್ದರೆ, ಸಣ್ಣ ಕೆರೆಗಳದು ಗ್ರಾಮ ಪಂಚಾಯಿತಿಯ ಅಧೀನದಲ್ಲಿದೆ. ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆಯಲ್ಲಿ ಆದ್ಯತೆಯುಂಟು. ಉಳಿದಂತೆ ಟೆಂಡರ್ ಮತ್ತು ಹರಾಜು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಂಘವು ದುರ್ಬಲವಾಗಿದ್ದರೆ, ಲೆಕ್ಕಪತ್ರ ಸರಿಯಿರದಿದ್ದರೆ, ಠೇವಣಿ ಕಟ್ಟಲು ಹಣವಿರದಿದ್ದರೆ ಆದ್ಯತೆ ಎಂಬುದು ಬರಿಯ ಮಾತು. ಕೆರೆಯು ಹೊರಗಿನ ಗುತ್ತಿಗೆದಾರನ ಪಾಲಾಗುತ್ತದೆ. ತಲೆಮಾರುಗಳಿಂದ ಅಲ್ಲಿ ಬಲೆ ಬೀಸಿದವನು ಅದೇ ಕೆರೆಯಲ್ಲಿ ಕೂಲಿಯಾಗುತ್ತಾನೆ. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಆ ಕೂಲಿಯೂ ಇಲ್ಲ.

ಸುರಕ್ಷೆಯ ವಿಷಯವೂ ಹೀಗೆಯೇ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ, ಮೀನುಗಾರನು ಅಪಘಾತದಲ್ಲಿ ಮೃತಪಟ್ಟರೆ ಅಥವಾ ಶಾಶ್ವತವಾಗಿ ಸಂಪೂರ್ಣ ಅಂಗವಿಕಲನಾದರೆ 5 ಲಕ್ಷ ರೂಪಾಯಿಯ ವಿಮೆಯನ್ನು ಗೊತ್ತುಪಡಿಸಲಾಯಿತು. ಇದು ಕಡಲಿನವರಿಗಷ್ಟೇ ಅಲ್ಲ, ಒಳನಾಡಿನವರಿಗೂ ಅನ್ವಯಿಸುವಂಥದು. ಆದರೆ ವಿಮೆಯು ಹೆಸರು ನೋಂದಾಯಿಸಿದವನಿಗೆ ಮಾತ್ರ. ಸಂಘದ ಸದಸ್ಯನಲ್ಲದ, ಇಲಾಖೆಯ ಪಟ್ಟಿಯಲ್ಲಿಲ್ಲದ ಬೆಸ್ತನು ಮುಳುಗಿದರೆ ಅವನ ಮನೆಯವರಿಗೆ ಉಳಿಯುವುದು ಮರುಕ ಮಾತ್ರ.

ಇನ್ನೊಂದು ಸಂಗತಿಯನ್ನು ನಗರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ. ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಒಟ್ಟಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ ಗ್ರಾಮಗಳಿಗೆ ನೆರೆಯ ಭೀತಿ. 2018, 2019, 2022 ಮತ್ತು 2024ರಲ್ಲಿ ಈ ದಂಡೆಯ ಜನ ಪ್ರವಾಹದ ಬಿಸಿ ಉಂಡಿದ್ದಾರೆ. ಜನರನ್ನು ದೋಣಿಗಳಲ್ಲಿ ಸುರಕ್ಷಿತ ಸ್ಥಳಕ್ಕೆ ಕರೆತರಬೇಕಾಗುವ ಇಂತಹ ಹೊತ್ತಿನಲ್ಲಿ ನದಿಯ ಮರ್ಮ ಬಲ್ಲ ಅಂಬಿಗರಿಗಿಂತ ಸಮರ್ಥರು ಯಾರು? ಅದೇ ನೆರೆಯಲ್ಲಿ ಅವರ ಬಲೆಯೂ ಹರಿಗೋಲೂ ಕೊಚ್ಚಿ ಹೋಗುತ್ತವೆ. ಬೆಳೆ ಹಾನಿಯಂತೆ ಬಲೆ ಹಾನಿಯೂ ಜೀವನೋಪಾಯದ ಹಾನಿ ಎಂಬುದು ಚರ್ಚೆಗೆ ಬರುವುದೇ ಅಪರೂಪ.

ಆಟ ಬೇಡವೆಂದಲ್ಲ

ಹಾಗಾದರೆ ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಮೀನುಗಾರರ ಸಹಾಯಾರ್ಥ ದೋಣಿ ಪಂದ್ಯವೇ ಸಲ್ಲದೇ? ಸಲ್ಲುತ್ತದೆ, ಆದರೆ ಕೆಲವು ಷರತ್ತುಗಳಿಗೆ ಒಳಪಟ್ಟು.

ಮೊದಲನೆಯದು, ಸ್ಥಳ ಮತ್ತು ಕಾಲ. ವನ್ಯಜೀವಿ ಧಾಮದೊಳಗಿನ ಕಾವೇರಿಯಾಗಲಿ, ಮಳೆಗಾಲದ ನದಿಯಾಗಲಿ ಇದಕ್ಕೆ ತಕ್ಕುದಲ್ಲ. ಮೀನು ಮೊಟ್ಟೆಯಿಡುವ ಕಾಲವೂ ಅದೇ. ಮಳೆ ನಿಂತು ಗುಂಡಾಲ್‌ನಂತಹ ಜಲಾಶಯ ತುಂಬಿರುವ ವರ್ಷಗಳಲ್ಲಿ, ನೀರು ತಿಳಿಯಾದ ಮೇಲೆ ನಡೆಯಬಹುದು. ಎರಡನೆಯದು, ಹ್ಯಾಲಿಫ್ಯಾಕ್ಸ್ ನಿಯಮ. ಸ್ಪರ್ಧಿಗಳು ಕಸುಬಿನ ಮೀನುಗಾರರೇ ಆಗಿರಬೇಕು, ದೋಣಿ ಅವರದೇ ಹರಿಗೋಲಾಗಿರಬೇಕು, ಸೋತವನಿಗೂ ಆ ದಿನದ ದುಡಿಮೆಯ ಹಣ ಸಲ್ಲಬೇಕು. ಬಾಡಿಗೆಗೆ ತಂದ ಬಣ್ಣದ ಹಾಯಿಗಳಿಗೆ ಚಪ್ಪಾಳೆ ತಟ್ಟಲು ಬೆಸ್ತರನ್ನು ದಂಡೆಯಲ್ಲಿ ನಿಲ್ಲಿಸುವುದು ನೆರವಲ್ಲ.

ಮೂರನೆಯದೇ ಮುಖ್ಯವಾದುದು: ಹಣದ ದಾರಿ. ಸಂಗ್ರಹವಾದ ಮೊತ್ತವು ವೇದಿಕೆಯ ಮೇಲೆ ಲಕೋಟೆಯಾಗಿ ಹಂಚಿಹೋಗದೆ ಮೀನುಗಾರರ ಸಹಕಾರ ಸಂಘದ ಖಾತೆಗೆ ಸೇರಬೇಕು. ಕೆರೆಯ ಗುತ್ತಿಗೆಯ ಠೇವಣಿಗೆ ಅದು ಆಧಾರವಾದರೆ, ಒಂದು ದಿನದ ಪಂದ್ಯವು ಗುತ್ತಿಗೆಯ ಅವಧಿಯುದ್ದಕ್ಕೂ ಹಕ್ಕಾಗಿ ಉಳಿಯುತ್ತದೆ. ಲೆಕ್ಕವು ಗ್ರಾಮ ಸಭೆಯಲ್ಲಿ ಓದಲ್ಪಡಬೇಕು. ನಾಲ್ಕನೆಯದು, ಸ್ವಯಂಸೇವಕರ ಶ್ರಮವು ಪಂದ್ಯದ ಮರುದಿನ ಆರಂಭವಾಗಬೇಕು. ವಿಮೆಗೆ ಹೆಸರು ಬರೆಸುವುದು, ಸಂಘದ ಲೆಕ್ಕಪತ್ರ ಸರಿಪಡಿಸುವುದು, ಟೆಂಡರಿನ ಕಾಗದಗಳನ್ನು ಓದಿ ಹೇಳುವುದು, ಪ್ರತಿ ಹರಿಗೋಲಿಗೂ ಜೀವರಕ್ಷಕ ಜಾಕೆಟ್ ಒದಗಿಸುವುದು, ಇವು ಛಾಯಾಚಿತ್ರಕ್ಕೆ ಒದಗದ ಕೆಲಸಗಳು. ಆದರೆ ಮನೆ ಉಳಿಸುವ ಕೆಲಸಗಳು. ತಜ್ಞರನ್ನು ಕೇಳದೆ ನದಿಗೆ ಮೀನುಮರಿ ಬಿಡುವ ಸಮಾರಂಭವಂತೂ ಬೇಡ.

ಐದನೆಯದು ಸರ್ಕಾರಕ್ಕೆ ಸೇರಿದ್ದು. ತಾಲ್ಲೂಕು ಆಡಳಿತವು ಅನುಭವಿ ಅಂಬಿಗರನ್ನು ನೆರೆ ರಕ್ಷಣೆಗೆ ಮೊದಲೇ ನೋಂದಾಯಿಸಿ, ತರಬೇತಿಯನ್ನೂ ಗೌರವಧನವನ್ನೂ ಕೊಡಬಾರದೇಕೆ? ಪಂದ್ಯದಲ್ಲಿ ಗೆದ್ದ ಹರಿಗೋಲು ನೆರೆಯಲ್ಲಿ ಮೊದಲು ನೀರಿಗಿಳಿಯುವ ಹರಿಗೋಲಾದರೆ ಆಟಕ್ಕೂ ಅರ್ಥ ಬಂದೀತು.

ಇಷ್ಟೆಲ್ಲ ಷರತ್ತು ಹಾಕಿದರೆ ಯಾರು ತಾನೇ ಮುಂದೆ ಬಂದಾರು ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸ್ವಯಂಸೇವೆಯು ಉತ್ಸಾಹದಿಂದ ಹುಟ್ಟುವಂಥದು. ಅದನ್ನು ನಿಯಮಗಳಲ್ಲಿ ಹೂಳಬಾರದು. ಕಾವೇರಿಯ ಹವ್ಯಾಸಿಗಳು 1972ರಲ್ಲಿ ಕಾನೂನಿನ ಪ್ರತಿಯೊಂದು ತೊಡಕನ್ನೂ ಲೆಕ್ಕ ಹಾಕಿ ಕುಳಿತಿದ್ದರೆ ಸಿಡಿಮದ್ದಿಗೆ ಇನ್ನಷ್ಟು ಮಡುಗಳು ಬಲಿಯಾಗುತ್ತಿದ್ದವು. ಅವರ ಸೇವೆ ಸಣ್ಣದಲ್ಲ. ಆದರೆ ಅವರು ಕಟ್ಟಿದ್ದು ಏಕೆ ಉಳಿಯಲಿಲ್ಲ ಎಂಬುದು ಈಗ ನಮ್ಮ ಕಣ್ಣ ಮುಂದಿದೆ. ಮುಂದೆ ಬರುವವರು ಅದನ್ನು ಅರಿಯದೆ ಹೊರಟರೆ ಹಳೆಯ ಕಥೆಯೇ ಮರುಕಳಿಸೀತು.

ಪಂದ್ಯದ ಯಶಸ್ಸನ್ನು ಅಂದು ಸಂಜೆ ನೆರೆದ ಜನರ ಸಂಖ್ಯೆಯಿಂದ ಅಳೆಯಲಾಗದು. ಮುಂದಿನ ಹರಾಜಿನ ದಿನ ಕೆರೆಯ ಪಾಶುವಾರು ಹಕ್ಕು ಯಾರ ಹೆಸರಿಗೆ ಬರೆಯಲ್ಪಡುತ್ತದೆ, ನೆರೆ ಬಂದ ವರ್ಷ ಎಷ್ಟು ಹರಿಗೋಲುಗಳಿಗೆ ವಿಮೆಯ ಆಸರೆಯಿರುತ್ತದೆ ಎಂಬುದೇ ಅದರ ಅಳತೆಗೋಲು.